ಮೂವರು ಹುಡುಗರು, ಐದು ರೆಕಾರ್ಡಿಂಗ್: ಎನ್‌ಸ್ಲೇವ್ಡ್ ಬ್ಯಾಂಡಿನ ಮೊದಲ ನಾಲ್ಕು ವರ್ಷ

ಇವತ್ತು ನಾನು ಮಾತಾಡುವುದು ನಾಲ್ಕೇ ವರ್ಷಗಳ ಬಗ್ಗೆ, 1991ರಿಂದ 1994ರವರೆಗೆ. ಜಾಗ ನಾರ್ವೆಯ ಪಶ್ಚಿಮ ಕರಾವಳಿ. ಬ್ಯಾಂಡ್ ಎನ್‌ಸ್ಲೇವ್ಡ್. ಎರಡು ಡೆಮೊ ಕ್ಯಾಸೆಟ್ (ಮಾದರಿಗೆ ಅಂತ ಮಾಡಿದ ರೆಕಾರ್ಡಿಂಗ್), ಒಂದು ಇಪಿ (ಆಲ್ಬಮ್‌ಗಿಂತ ಚಿಕ್ಕದು), ಎರಡು ಆಲ್ಬಮ್, ಅಷ್ಟೇ ನಮ್ಮ ವಿಷಯ. ಬ್ಯಾಂಡ್ ಈಗಲೂ ಇದೆ. ಆಮೇಲೆ ಬೇಕಾದಷ್ಟು ಆಲ್ಬಮ್ ಮಾಡಿದ್ದಾರೆ, ಅವರ ದೇಶದ ದೊಡ್ಡ ಸಂಗೀತ ಪ್ರಶಸ್ತಿಯಾದ ಸ್ಪೆಲ್ಲೆಮನ್ ಹಲವು ಸಲ ಗೆದ್ದಿದ್ದಾರೆ, ಮೆಟಲ್ ಕಡೆಗೆ ತಲೆ ಹಾಕದ ಪ್ರೊಗ್ರೆಸಿವ್ ರಾಕ್ ಕೇಳುಗರು ಕೂಡ ಈಗ ಅವರನ್ನು ಹುಡುಕಿಕೊಂಡು ಬರುತ್ತಾರೆ. ಆ ಕಥೆ ಇವತ್ತು ಬೇಡ.

ಈ ಮೊದಲ ರೆಕಾರ್ಡಿಂಗ್‌ಗಳ ಬಗ್ಗೆ ಒಂದು ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಹುಡುಗರ ಕೆಲಸ, ಸೌಂಡ್ ಒರಟು, ಆಮೇಲೆ ಚೆನ್ನಾಗಾಯಿತು ಅಂತ. ನನಗೆ ಇದು ಒಪ್ಪಿಗೆ ಇಲ್ಲ. ಪೇಗನ್ ಬ್ಲ್ಯಾಕ್ ಮೆಟಲ್ ಅಂತ ಇವತ್ತು ಕರೆಯುತ್ತೇವಲ್ಲ, ಕ್ರೈಸ್ತ ಧರ್ಮಕ್ಕೂ ಮುಂಚಿನ ದೇವರುಗಳ ಬಗ್ಗೆ ಹಾಡುವ ವೇಗದ, ಗದ್ದಲದ ರಾಕ್, ಅದಕ್ಕೆ ಕತ್ತಿ, ಗುರಾಣಿ, ಕೊಂಬಿನ ಪಾತ್ರೆ ಎಲ್ಲಾ ಎಲ್ಲಿಂದಲೋ ಬಂದವು. ಯಾರು ಬೇಕಾದರೂ ತರಬಹುದಿತ್ತು. ಈ ಹುಡುಗರು ತಂದದ್ದು ಪುರುಸೊತ್ತು. ಜಗತ್ತಿನ ಅತಿ ವೇಗದ ಸಂಗೀತಗಳಲ್ಲಿ ಒಂದನ್ನು ಕೈಗೆತ್ತಿಕೊಂಡು, ಆ ವೇಗವನ್ನು ಬಿಡದೇ, ಒಂದು ಹಾಡಿಗೆ ಹನ್ನೊಂದು ನಿಮಿಷ ಕೊಟ್ಟರು. ಹಳೆಯ ದೇವರುಗಳ ಲೋಕ ನನಗೆ ಅವರ ಸಂಗೀತದಲ್ಲಿ ಕೇಳಿಸುವುದು ಈ ಪುರುಸೊತ್ತಿನಲ್ಲಿ. ಇದನ್ನೇ ಇವತ್ತು ನಿಮಗೆ ಕೇಳಿಸುವುದಕ್ಕೆ ಪ್ರಯತ್ನ ಮಾಡುತ್ತೇನೆ.

ಮೊದಲು ಊರು. ಬ್ಯಾಂಡ್ ಹುಟ್ಟಿದ್ದು ಹೌಗೆಸುಂಡ್ ಎಂಬ ಬಂದರು ಪಟ್ಟಣದ ಸುತ್ತಮುತ್ತ. ಬ್ಲ್ಯಾಕ್ ಮೆಟಲ್ ಅಂದ ತಕ್ಷಣ ಎಲ್ಲರೂ ಓಸ್ಲೊ, ಬರ್ಗನ್ ಅನ್ನುತ್ತಾರೆ. ಹೌಗೆಸುಂಡ್ ಇವೆರಡಕ್ಕಿಂತ ತುಂಬಾ ಚಿಕ್ಕದು, ಬರ್ಗನ್‌ನಿಂದ ದಕ್ಷಿಣಕ್ಕಿದೆ. ಆದರೆ ಹಳೆಯ ಕಾಲ ಬೇಕು ಅನ್ನುವವರಿಗೆ ಇಂಥ ಇನ್ನೊಂದು ಜಾಗ ಸಿಗುವುದು ಕಷ್ಟ. ಊರಿನ ಪಕ್ಕದಲ್ಲೇ ಹರಾಲ್ಡ್ಸ್‌ಹೌಗನ್ ಅಂತ ಒಂದು ಸ್ಮಾರಕ ಇದೆ. ನಾರ್ವೆಯನ್ನು ಒಂದು ಮಾಡಿದ ದೊರೆ ಅಂತ ಹೇಳುವ ಹರಾಲ್ಡ್ ಫೇರ್‌ಹೇರ್ ನೆನಪಿಗೆ 1872ರಲ್ಲಿ ಕಟ್ಟಿದ್ದು. ನಡುವೆ 17 ಮೀಟರ್ ಎತ್ತರದ ಗ್ರಾನೈಟ್ ಕಂಬ, ಸುತ್ತ 29 ಕಲ್ಲುಗಳು, ಹಳೆಯ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು.

ಇನ್ನೂ ಸ್ವಲ್ಪ ದಕ್ಷಿಣಕ್ಕೆ ಹೋದರೆ ಕಾರ್ಮೊಯ್ ದ್ವೀಪದಲ್ಲಿ ಅವಾಲ್ಡ್ಸ್‌ನೆಸ್. ಅಲ್ಲಿ ಒಂದು ಹಳೆಯ ಕಲ್ಲಿನ ಚರ್ಚ್ ಇದೆ, 1250ರ ಆಸುಪಾಸಿನದು. ಅದರ ಗೋಡೆಯ ಪಕ್ಕದಲ್ಲೇ ಒಂದು ನಿಲುಗಲ್ಲು. 7 ಮೀಟರಿಗೂ ಜಾಸ್ತಿ ಎತ್ತರ, ಚರ್ಚ್ ಬರುವುದಕ್ಕಿಂತ ಎಷ್ಟೋ ಹಿಂದಿನದು. ಆ ಕಲ್ಲು ಚರ್ಚಿನ ಗೋಡೆಯ ಕಡೆಗೆ ವಾಲಿದೆ. ಗೋಡೆಗೂ ಕಲ್ಲಿಗೂ ನಡುವೆ ಒಂದು ಗೇಣಿಗಿಂತ ಕಡಿಮೆ ಸಂದು. ಅಲ್ಲಿನ ಜನರ ನಂಬಿಕೆ ಏನು ಗೊತ್ತಾ? ಕಲ್ಲು ಗೋಡೆಗೆ ತಾಗಿದ ದಿನ ಪ್ರಳಯ. ಹಾಗಾಗಬಾರದು ಅಂತ ಪಾದ್ರಿಗಳು ರಾತ್ರಿ ಹೊತ್ತು ಹೋಗಿ ಕಲ್ಲಿನ ತುದಿ ಕೆತ್ತಿ ಬರುತ್ತಿದ್ದರಂತೆ. ಈ ಕಥೆ ನಿಜವೋ ಅಲ್ಲವೋ ಬಿಡಿ. ಕಲ್ಲು ಕಿತ್ತು ಹಾಕಲಿಲ್ಲ, ಚರ್ಚೂ ಅಲ್ಲೇ ಇದೆ. ಎರಡೂ ಏಳುನೂರು ಚಿಲ್ಲರೆ ವರ್ಷದಿಂದ ಹಾಗೇ ನಿಂತಿವೆ. ಇಂಥ ಜಾಗದಲ್ಲಿ ಬೆಳೆದ ಹುಡುಗರಿಗೆ ಓಡಿನ್, ಥಾರ್ ಎಂಬ ಹಳೆಯ ದೇವರುಗಳು ಅಂದರೆ ಬರೀ ಪುಸ್ತಕದ ಹೆಸರಾಗಿರಲಾರದು ಅಂತ ನನಗನ್ನಿಸುತ್ತದೆ.

ಈಗ ಹುಡುಗರು. ಈವಾರ್ ಬ್ಯೋರ್ನ್‌ಸನ್, ಗ್ರೂಟ್ಲೆ ಶೆಲ್ಸನ್. 1991ರಲ್ಲಿ ಬ್ಯಾಂಡ್ ಶುರುವಾದಾಗ ಈವಾರ್‌ಗೆ 13 ವರ್ಷ, ಗ್ರೂಟ್ಲೆಗೆ 17. ಹದಿಮೂರು! ಅದಕ್ಕೂ ಮುಂಚೆ ಇಬ್ಬರೂ ಫೋಬಿಯಾ ಅಂತ ಒಂದು ಡೆತ್ ಮೆಟಲ್ (ಗಡಸು ದನಿಯ ಇನ್ನೊಂದು ಬಗೆಯ ಮೆಟಲ್) ಬ್ಯಾಂಡಿನಲ್ಲಿದ್ದರು. ಅಂದರೆ ಇದು ಅವರ ಮೊದಲ ಬ್ಯಾಂಡ್ ಕೂಡ ಅಲ್ಲ. ಡ್ರಮ್ಸ್‌ಗೆ ಬಂದವನು ಟ್ರಿಮ್ ಟಾರ್ಸನ್. ಗ್ರೂಟ್ಲೆ ಬೇಸ್ ಗಿಟಾರ್ ಮತ್ತು ಗಾಯನ, ಈವಾರ್ ಗಿಟಾರ್ ಮತ್ತು ಕೀಬೋರ್ಡ್. ಮೂರೇ ಜನ. ಎನ್‌ಸ್ಲೇವ್ಡ್ ಅನ್ನುವ ಹೆಸರು ಬಂದದ್ದು ಬರ್ಗನ್‌ನ ಇಮ್ಮಾರ್ಟಲ್ ಬ್ಯಾಂಡಿನ ಒಂದು ಡೆಮೊ ಹಾಡಿನಿಂದ.

ಆ ಹೊತ್ತಿಗೆ ನಾರ್ವೆಯಲ್ಲಿ ಏನು ನಡೀತಿತ್ತು ಅಂತ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಮೇಹೆಮ್ ಬ್ಯಾಂಡಿನ ಯೂರೋನಿಮಸ್ ಓಸ್ಲೊದಲ್ಲಿ ಹೆಲ್ವೆಟೆ ಅಂತ ರೆಕಾರ್ಡ್ ಅಂಗಡಿ ತೆರೆದದ್ದು 1991ರಲ್ಲೇ. ಡೆತ್ ಮೆಟಲ್ ಸಾಕು, ಇನ್ನೂ ಕಪ್ಪಾದ್ದು ಬೇಕು ಅಂತ ಹುಡುಗರೆಲ್ಲ ಆ ಕಡೆ ತಿರುಗಿದರು. ಅವರಲ್ಲಿ ಜಾಸ್ತಿ ಜನರ ವಿಷಯ ಸೈತಾನ. ಕ್ರೈಸ್ತ ಧರ್ಮವನ್ನು ತಿರುವಿ ಹಾಕಿದರೆ ಸಿಗುವುದು ಅದೇ ತಾನೇ? ಎನ್‌ಸ್ಲೇವ್ಡ್‌ನ ಮೊದಲ ಡೆಮೊ ನೇಮಾ ಬಂದದ್ದು ಈ ಗಾಳಿಯಲ್ಲೇ, 1991ರಲ್ಲಿ. ಅದನ್ನು ಒಂದು ಸಲ ಕೇಳಿ ಸಾಕು. ಇನ್ನೂ ಅರ್ಧ ಡೆತ್ ಮೆಟಲ್‌ನಲ್ಲೇ ಇದ್ದಾರೆ, ತಮ್ಮದು ಅನ್ನುವ ದನಿ ಇನ್ನೂ ಸಿಕ್ಕಿಲ್ಲ.

ಮುಂದಿನ ವರ್ಷ, 1992ರಲ್ಲಿ, ಇಗ್‌ಡ್ರಾಸಿಲ್ ಡೆಮೊ ಬಂತು. ಒಂದೇ ವರ್ಷದಲ್ಲಿ ಆದ ಬದಲಾವಣೆ ನೋಡಿ. ಹಾಡುಗಳ ಹೆಸರು ಹೈಮ್‌ಡಾಲ್, ಆಲ್‌ಫಾದರ್ ಓಡಿನ್, ಹಾಲ್ ವಾಲ್, ನಿಯುಂದಾ ಹೈಮ್. ಸೈತಾನ ನಾಪತ್ತೆ. ಒಂಬತ್ತು ಲೋಕಗಳನ್ನು ಹೊತ್ತ ಇಗ್‌ಡ್ರಾಸಿಲ್ ಮರ, ಆ ಮರದಲ್ಲಿ ಒಂಬತ್ತು ರಾತ್ರಿ ತನ್ನನ್ನೇ ನೇತುಹಾಕಿಕೊಂಡ ಓಡಿನ್, ದೇವಲೋಕದ ಸೇತುವೆ ಕಾಯುವ ಹೈಮ್‌ಡಾಲ್, ಇವರೆಲ್ಲ ಬಂದುಬಿಟ್ಟರು. ಈ ಡೆಮೊ ಆಮೇಲೆ 1995ರಲ್ಲಿ ಸಟೈರಿಕಾನ್ ಬ್ಯಾಂಡಿನ ಡೆಮೊ ಜೊತೆ ಸೇರಿ ಮೂನ್‌ಫಾಗ್ ಲೇಬಲ್‌ನಿಂದ ಸಿಡಿಯಾಗಿ ಬಂತು. ಹಾಗಾಗಿ ಇವತ್ತು ಸುಲಭವಾಗಿ ಸಿಗುತ್ತದೆ. ಆಗ ಮಾತ್ರ ಕ್ಯಾಸೆಟ್ ಒಂದೇ ದಾರಿ. ಒಬ್ಬ ಇನ್ನೊಬ್ಬನಿಗೆ ಕಾಪಿ ಮಾಡಿ ಅಂಚೆಯಲ್ಲಿ ಕಳಿಸುವುದು, ಅವನು ಇನ್ನೊಬ್ಬನಿಗೆ. ಪ್ರತಿ ಕಾಪಿಗೂ ಸುಯ್ ಅನ್ನುವ ಸದ್ದು ಜಾಸ್ತಿ, ಸಿಂಬಲ್‌ನ ಹೊಳಪು ಕಡಿಮೆ. ಎಷ್ಟೋ ಜನ ಈ ಸಂಗೀತವನ್ನು ಮೊದಲ ಸಲ ಕೇಳಿದ್ದು ಮೂರನೆಯದೋ ನಾಲ್ಕನೆಯದೋ ಕಾಪಿಯಲ್ಲಿ. ಒರಟು ಸೌಂಡ್ ಅಂತ ಈ ಸಂಗೀತಕ್ಕೆ ಬಂದ ಹೆಸರಿನಲ್ಲಿ ಈ ಕಾಪಿಗಳ ಪಾಲೂ ಇದೆ, ಇದನ್ನು ಮರೆಯಬೇಡಿ.

ಇಲ್ಲಿ ಸ್ವೀಡನ್ನಿನ ಬಾಥೋರಿ ಬ್ಯಾಂಡ್ ಬಗ್ಗೆ ಹೇಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. ಸ್ಟಾಕ್‌ಹೋಮ್‌ನ ಕ್ವಾರ್ಥಾನ್ ಎಂಬ ಒಬ್ಬ ಮನುಷ್ಯ ಆ ಬ್ಯಾಂಡಿನ ಹೆಸರಿನಲ್ಲಿ 1988ರಲ್ಲಿ ಬ್ಲಡ್ ಫೈರ್ ಡೆತ್, 1990ರಲ್ಲಿ ಹ್ಯಾಮರ್‌ಹಾರ್ಟ್ ಮಾಡಿದ. ಸೈತಾನನನ್ನು ಬಿಟ್ಟು ವೈಕಿಂಗ್ (ಉತ್ತರ ಯುರೋಪಿನ ಹಳೆಯ ಕಾಲದ ಸಮುದ್ರಯೋಧರು) ಕಡೆಗೆ ಮೊದಲು ತಿರುಗಿದವನು ಅವನು. ಬ್ಲಡ್ ಫೈರ್ ಡೆತ್‌ನ ಕವರ್ ನೋಡಿದ್ದೀರಲ್ವಾ? ಆಕಾಶದಲ್ಲಿ ದೇವಸೈನ್ಯ ಕುದುರೆ ಏರಿ ನುಗ್ಗುವ ಚಿತ್ರ. ಅದು ನಾರ್ವೆಯ ಪೀಟರ್ ನಿಕೊಲಾಯ್ ಆರ್ಬೊ 1872ರಲ್ಲಿ ಬರೆದ ಚಿತ್ರ, ಆ ಹರಾಲ್ಡ್ ಸ್ಮಾರಕ ಕಟ್ಟಿದ ಅದೇ ವರ್ಷ. ಹತ್ತೊಂಬತ್ತನೇ ಶತಮಾನದಲ್ಲಿ ನಾರ್ವೆಯವರು ತಮ್ಮ ಹಳೆಯ ಕಾಲವನ್ನು ಕಲ್ಲಲ್ಲಿ, ಬಣ್ಣದಲ್ಲಿ ಮತ್ತೆ ಕಟ್ಟಿಕೊಂಡರು. ನೂರಿಪ್ಪತ್ತು ವರ್ಷ ಆದಮೇಲೆ ಮೆಟಲ್ ಹುಡುಗರು ಅದನ್ನೇ ಗಿಟಾರಿನಲ್ಲಿ ಮಾಡಿದರು.

ಬಾಥೋರಿಯ ಹಾಡುಗಳೂ ಉದ್ದ. ಆದರೆ ಗಮನಿಸಿ, ಕ್ವಾರ್ಥಾನ್ ಉದ್ದ ಮಾಡುವುದಕ್ಕೆ ನಿಧಾನ ಮಾಡಿದ. ಹ್ಯಾಮರ್‌ಹಾರ್ಟ್‌ನಲ್ಲಿ ಡ್ರಮ್ ಹೆಜ್ಜೆ ಹಾಕಿಕೊಂಡು ಬರುತ್ತದೆ, ಹಿಂದೆ ಕೋರಸ್ ಇದೆ. ಎನ್‌ಸ್ಲೇವ್ಡ್ ಹುಡುಗರು ವೇಗ ಬಿಡಲಿಲ್ಲ. ವೇಗವೂ ಬೇಕು, ಉದ್ದವೂ ಬೇಕು ಅಂದರು. ಇದು ದೊಡ್ಡ ವ್ಯತ್ಯಾಸ. ಹೇಗೆ ಸಾಧ್ಯ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬ್ಲ್ಯಾಕ್ ಮೆಟಲ್ ಗಿಟಾರಿನಲ್ಲಿ ಒಂದೇ ಸ್ವರವನ್ನು ಪಿಕ್‌ನಿಂದ ಮೇಲೆ ಕೆಳಗೆ ಪಟಪಟ ಹೊಡೆಯುತ್ತಾ ಹೋಗುತ್ತಾರೆ. ಟ್ರೆಮೊಲೊ ಅಂತಾರೆ. ಡ್ರಮ್ಸ್‌ನಲ್ಲಿ ಬ್ಲಾಸ್ಟ್ ಬೀಟ್, ಅಂದರೆ ಸ್ನೇರ್, ಕಿಕ್, ಸಿಂಬಲ್ ಎಲ್ಲಾ ಒಂದೇ ಓಟದಲ್ಲಿ. ಶುರುವಿನ ಕೆಲವು ಸೆಕೆಂಡ್ ಇದು ಬರೀ ಗದ್ದಲ. ಆದರೆ ಅದನ್ನು ಬದಲಾಯಿಸದೆ ಒಂದು ನಿಮಿಷ, ಎರಡು ನಿಮಿಷ ಹಿಡಿದರೆ ಕಿವಿ ಹೊಡೆತಗಳನ್ನು ಎಣಿಸುವುದು ಬಿಡುತ್ತದೆ. ಮಲೆನಾಡಿನ ಹೆಂಚಿನ ಮನೆಯ ಮೇಲೆ ಜಡಿಮಳೆ ಬೀಳುವಾಗ ಹನಿ ಹನಿ ಕೇಳಿಸುವುದಿಲ್ಲವಲ್ಲ, ಹಾಗೆ. ಆಗ ಕಿವಿಗೆ ಬೀಳುವುದು ಅದರ ಮೇಲೆ ನಿಧಾನವಾಗಿ ಬದಲಾಗುವ ಸಂಗತಿ. ಗಿಟಾರಿನ ಸ್ವರ ನಾಲ್ಕು ಸುತ್ತಿಗೊಮ್ಮೆ ಸರಿಯುವುದು, ಕೀಬೋರ್ಡಿನ ಒಂದು ಉದ್ದನೆಯ ಎಳೆ ಮೇಲೇರುವುದು. ಕೈಗಳು ಓಡುತ್ತಿವೆ, ಹಾಡು ಮಾತ್ರ ನಿಧಾನ ನಡೆಯುತ್ತಿದೆ. ಈ ಎರಡು ವೇಗವನ್ನು ಒಟ್ಟಿಗೆ ಇಟ್ಟುಕೊಳ್ಳುವುದೇ ಎನ್‌ಸ್ಲೇವ್ಡ್ ಕಂಡುಕೊಂಡ ದಾರಿ. ಇದಕ್ಕೆ ಡ್ರಮ್ಮರ್‌ಗೆ ದಮ್ ಬೇಕು. ಟ್ರಿಮ್‌ಗೆ ಇತ್ತು.

ಈ ದಾರಿ ಸರಿಯಾಗಿ ಕೇಳಿಸುವುದು ಹೊರ್ದಾನೆಸ್ ಲಾಂಡ್ ಇಪಿಯಲ್ಲಿ. ರೆಕಾರ್ಡ್ ಆದದ್ದು 1992ರಲ್ಲಿ, ಬಂದದ್ದು 1993ರಲ್ಲಿ, ಇಂಗ್ಲೆಂಡಿನ ಕ್ಯಾಂಡಲ್‌ಲೈಟ್ ಲೇಬಲ್‌ನಿಂದ. ಹೊರ್ದಾಲಾಂಡ್ ಅನ್ನುವುದು ಅವರ ಪಕ್ಕದ ಸೀಮೆಯ ಹೆಸರು. ಅದರ ಹಳೆಯ ರೂಪವನ್ನೇ ಇಪಿಗೆ ಇಟ್ಟರು. ಸಿಡಿಯಲ್ಲಿ ಇದು ಎಂಪರರ್ ಬ್ಯಾಂಡಿನ ಇಪಿ ಜೊತೆ ಸೇರಿ ಬಂತು, ಅರ್ಧ ಅವರದು, ಅರ್ಧ ಇವರದು. ಎಂಪರರ್ ಭಾಗ ಚುರುಕು, ಚಿಕ್ಕ ಚಿಕ್ಕ ಹಾಡು. ಎನ್‌ಸ್ಲೇವ್ಡ್ ಭಾಗದಲ್ಲಿ ಮೂರೇ ಹಾಡು, ಹತ್ತಿರ ಹತ್ತಿರ ಅರ್ಧ ಗಂಟೆ. ಮೊದಲನೆಯದು ಕಾಡಿನ ಆಚೆ ನಡೆದ ಒಂದು ಕಾಳಗದ ಹಾಡು, ಅದೊಂದೇ ಹದಿಮೂರು ನಿಮಿಷ. ಒಂದೇ ಸಿಡಿಯಲ್ಲಿ ಎರಡೂ ಇರುವುದರಿಂದ ವ್ಯತ್ಯಾಸ ಕೈಗೆ ಸಿಗುವಷ್ಟು ಸ್ಪಷ್ಟ. ಬರೆಯುವಾಗ ಈವಾರ್‌ಗೆ ಇನ್ನೂ 14 ಅನ್ನುವುದು ನೆನಪಿರಲಿ. ಆ ವಯಸ್ಸಿನಲ್ಲಿ ಹೊಸ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಸಿಕ್ಕಿದ ಕೂಡಲೇ ಹಳೆಯದನ್ನು ಬಿಟ್ಟು ಅದರ ಹಿಂದೆ ಓಡುವ ಆಸೆ ಇರುತ್ತದೆ. ಇವನು ಸಿಕ್ಕಿದ್ದರ ಜೊತೆ ಕೂತ.

ಮನೆಗೆ ಹೋಗಿ ಒಂದು ಕೆಲಸ ಮಾಡಿ. ಆಲ್‌ಫಾದರ್ ಓಡಿನ್ ಹಾಡನ್ನು ಮೊದಲು ಇಗ್‌ಡ್ರಾಸಿಲ್ ಡೆಮೊದಲ್ಲಿ ಕೇಳಿ, ಆಮೇಲೆ ಹೊರ್ದಾನೆಸ್ ಲಾಂಡ್‌ನಲ್ಲಿ ಕೇಳಿ. ಹಾಡು ಒಂದೇ. ಡೆಮೊದಲ್ಲಿ ಎಲ್ಲವೂ ಒಂದರ ಮೇಲೊಂದು ಬಿದ್ದಿವೆ, ಗಿಟಾರ್ ತೆಳು, ಹಾಡು ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಇಪಿಯಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಹಾಗಂತ ನಾನು ಡೆಮೊವನ್ನು ಕಡಿಮೆ ಅನ್ನುತ್ತಿಲ್ಲ. ಅಲ್ಲಿನ ಆತುರ ನನಗೆ ತುಂಬಾ ಇಷ್ಟ. ಹೇಳಬೇಕಾದ್ದು ಸಿಕ್ಕಿತು ಅಂತ ಗೊತ್ತಾದವರು ಮೊದಲ ಸಲ ಹೇಳುವಾಗ ಇರುವ ಆತುರ ಅದು. ಈ ಹಾಡನ್ನು ಬ್ಯಾಂಡ್ ಎಷ್ಟೋ ವರ್ಷ ವೇದಿಕೆ ಮೇಲೆ ಬಿಡದೆ ನುಡಿಸಿತು.

ಇನ್ನು ಮೊದಲ ಪೂರ್ತಿ ಆಲ್ಬಮ್, ವೈಕಿಂಗ್ಲಿಗರ್ ವೆಲ್ದಿ. ಯೂರೋನಿಮಸ್‌ನ ಲೇಬಲ್ ಡೆತ್‌ಲೈಕ್ ಸೈಲೆನ್ಸ್‌ಗೆ ಮಾಡಿದ ಆಲ್ಬಮ್ ಇದು. ಆ ಲೇಬಲ್ ಬಗ್ಗೆ ಎರಡು ಮಾತು. ಅದು ಬರೀ ನಾರ್ವೆ ಹುಡುಗರ ಲೇಬಲ್ ಆಗಿರಲಿಲ್ಲ, ಜಪಾನಿನ ಸಾಯ್ ಬ್ಯಾಂಡಿನ ಮೊದಲ ಆಲ್ಬಮ್ ತಂದದ್ದೂ ಅದೇ. ಯೂರೋನಿಮಸ್ ಜರ್ಮನಿಯ ಹಳೆಯ ಎಲೆಕ್ಟ್ರಾನಿಕ್ ಸಂಗೀತವನ್ನು ಪ್ರಾಣದಂತೆ ಪ್ರೀತಿಸುತ್ತಿದ್ದವನು. ಟ್ಯಾಂಜರೀನ್ ಡ್ರೀಮ್‌ನಲ್ಲಿ ಶುರುವಿಗೆ ಇದ್ದ ಕಾನ್ರಾಡ್ ಶ್ನಿಟ್ಸ್‌ಲರ್‌ನನ್ನು ಕೇಳಿಕೊಂಡು, ಅವನು ಕೊಟ್ಟ ತುಣುಕನ್ನೇ 1987ರಲ್ಲಿ ಮೇಹೆಮ್‌ನ ಡೆತ್‌ಕ್ರಶ್ ಶುರುವಿಗೆ ಇಟ್ಟಿದ್ದ. ಅಂಥವನಿಗೆ ಹನ್ನೊಂದು ನಿಮಿಷದ ಹಾಡು ಮಾಡುವ ಹುಡುಗರು ಹಿಡಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. 1993ರ ಆಗಸ್ಟ್ 10ರಂದು ಅವನ ಕೊಲೆಯಾಯಿತು. ಆಲ್ಬಮ್ 1994ರ ಶುರುವಿನಲ್ಲಿ ಹೊರಬಂತು. ಅದನ್ನು ಅವನ ನೆನಪಿಗೆ ಅರ್ಪಿಸಿದ್ದಾರೆ. ಆ ಕೊಲೆಯ ಕಥೆ ಎಲ್ಲರೂ ಹೇಳಿ ಹೇಳಿ ಸವೆದಿದೆ, ಸಂಗೀತದ ಬಗ್ಗೆ ಮಾತಾಡುವಷ್ಟು ಹೊತ್ತು ಅದಕ್ಕೆ ಕೊಡಲು ನನಗೆ ಮನಸ್ಸಿಲ್ಲ.

ರೆಕಾರ್ಡ್ ಮಾಡಿದ್ದು ಬರ್ಗನ್‌ನ ಗ್ರೀಗ್‌ಹಾಲನ್‌ನಲ್ಲಿ. ಈ ಕಟ್ಟಡ ಏನು ಗೊತ್ತಾ? ನಾರ್ವೆಯ ದೊಡ್ಡ ಸಂಯೋಜಕ ಎಡ್ವರ್ಡ್ ಗ್ರೀಗ್ ಹೆಸರಿನ ಸಂಗೀತ ಭವನ, 1978ರಲ್ಲಿ ತೆರೆದದ್ದು. ಬರ್ಗನ್ ಫಿಲ್‌ಹಾರ್ಮೊನಿಕ್ ವಾದ್ಯಗೋಷ್ಠಿ ನಡೆಯುವುದು ಇಲ್ಲೇ, ಅದು 1765ರಿಂದ ಇರುವ ಸಂಸ್ಥೆ. ಇದೇ ಕಟ್ಟಡದೊಳಗಿನ ಸ್ಟುಡಿಯೊದಲ್ಲಿ ಮೇಹೆಮ್, ಬುರ್ಜುಮ್, ಇಮ್ಮಾರ್ಟಲ್, ಎಂಪರರ್, ಗೋರ್ಗೊರೊತ್ ಎಲ್ಲರೂ ರೆಕಾರ್ಡ್ ಮಾಡಿದರು. ಎಲ್ಲರ ಹಿಂದೆ ಇದ್ದವರು ಒಬ್ಬರೇ, ಪಿಟ್ಟೆನ್ ಅಂತ ಎಲ್ಲರೂ ಕರೆಯುವ ಐರಿಕ್ ಹುಂಡ್‌ವಿನ್. ಈ ಹುಡುಗರಿಗಿಂತ ಹಿರಿಯರು, ಸ್ವತಃ ಬೇಸ್ ಗಿಟಾರ್ ನುಡಿಸುವವರು. ಬೇರೆ ಯಾರಾದರೂ ಆಗಿದ್ದರೆ ಈ ಗದ್ದಲ ಕೇಳಿ ಕಿವಿ ಮುಚ್ಚಿಕೊಳ್ಳುತ್ತಿದ್ದರೇನೋ. ಇವರು ಒಳಗಿನದನ್ನು ಕೇಳಿಸಿಕೊಂಡರು. ಗ್ರೀಗ್‌ಹಾಲನ್ ರೆಕಾರ್ಡಿಂಗ್‌ಗಳಿಗೆಲ್ಲ ಒಂದು ಗುಣ ಇದೆ. ಡ್ರಮ್ ಸದ್ದಿನ ಸುತ್ತ ಗಾಳಿ ಇರುತ್ತದೆ, ದೊಡ್ಡ ಜಾಗದಲ್ಲಿ ನುಡಿಸಿದ್ದು ಅನ್ನುವುದು ತಿಳಿಯುತ್ತದೆ. ಉದ್ದನೆಯ ಹಾಡಿಗೆ ಇದು ಬಹಳ ಮುಖ್ಯ. ಒತ್ತಿ ಹಿಡಿದ ಸೌಂಡಿನಲ್ಲಿ ಹನ್ನೊಂದು ನಿಮಿಷ ಬ್ಲಾಸ್ಟ್ ಬೀಟ್ ಕೇಳಿದರೆ ತಲೆನೋವು ಬರುತ್ತದೆ.

ಆಲ್ಬಮ್‌ನಲ್ಲಿ ಐದೇ ಹಾಡು, ಐವತ್ತು ನಿಮಿಷ. ನಾಲ್ಕು ಹಾಡು ಹತ್ತು ನಿಮಿಷ ದಾಟುತ್ತವೆ. ಮೊದಲ ಹಾಡು ಲಿವಾಂದಿ ಲಿವ್ ಉಂದಿರ್ ಹಮ್ರಿ, ಸುತ್ತಿಗೆಯ ಕೆಳಗಿನ ಬದುಕು ಅಂತ. ಥಾರ್‌ನ ಸುತ್ತಿಗೆ. ಇಲ್ಲಿಂದಲೇ ನಾನು ಹೇಳಿದ ಎರಡು ವೇಗ ಶುರು. ಎರಡನೆಯದು ವೆತ್ರರ್‌ನೊತ್, ಚಳಿಗಾಲದ ರಾತ್ರಿ. ಇದು ನನ್ನ ಮೆಚ್ಚಿನದು. ಒಂದು ರಿಫ್ ಬರುತ್ತದೆ, ಹೋಗುತ್ತದೆ, ಇನ್ನೊಂದರ ಒಳಗಿಂದ ಮತ್ತೆ ಬರುತ್ತದೆ, ಕೀಬೋರ್ಡ್ ಅದರ ಬಣ್ಣ ಬದಲಿಸುತ್ತದೆ, ಪದ್ಯ, ಕೋರಸ್ ಅನ್ನುವ ಲೆಕ್ಕವೇ ಇಲ್ಲ, ಎಲ್ಲಿದ್ದೇವೆ ಅಂತ ಕೇಳುವವರಿಗೆ ಮರೆತುಹೋಗುತ್ತದೆ, ಅಷ್ಟರಲ್ಲಿ ಒಂಬತ್ತು ನಿಮಿಷ ಕಳೆದಿರುತ್ತದೆ. ಕೊನೆಯ ಹಾಡು ನೊರ್ವೆಗರ್. ಅದರಲ್ಲಿ ಮಾತೇ ಇಲ್ಲ, ವೇಗವೂ ಇಲ್ಲ. ಇಡೀ ಆಲ್ಬಮ್ ಓಡಿ ಬಂದು ಇಲ್ಲಿ ನಿಂತು ಉಸಿರು ಬಿಡುತ್ತದೆ. ನಾಡಿನ ಹೆಸರನ್ನೇ ಹಾಡಿಗೆ ಇಟ್ಟವರು, ಅದರಲ್ಲಿ ಒಂದು ಘೋಷಣೆ ಕೂಡ ಕೂಗಲಿಲ್ಲ. ಇದನ್ನು ಗಮನದಲ್ಲಿಡಿ, ಮುಂದೆ ಬೇಕಾಗುತ್ತದೆ.

ಆಲ್ಬಮ್‌ನ ಭಾಷೆ ಐಸ್‌ಲ್ಯಾಂಡಿಕ್ ಮತ್ತು ವೈಕಿಂಗ್ ಕಾಲದ ಭಾಷೆಯಾದ ಹಳೆಯ ನಾರ್ಸ್. ನಾರ್ವೆ ಹುಡುಗರು ಐಸ್‌ಲ್ಯಾಂಡಿಗೆ ಯಾಕೆ ಹೋದರು? ಯಾಕೆಂದರೆ ಹಳೆಯ ದೇವರುಗಳ ಕಥೆ ಉಳಿದದ್ದೇ ಅಲ್ಲಿ. ಐಸ್‌ಲ್ಯಾಂಡ್ ಕ್ರೈಸ್ತ ಧರ್ಮಕ್ಕೆ ಬಂದದ್ದು 1000ದ ಹೊತ್ತಿಗೆ. ಅದಾಗಿ ಇನ್ನೂರು ವರ್ಷದ ಮೇಲೆ, 1220ರ ಆಸುಪಾಸಿನಲ್ಲಿ, ಸ್ನೊರಿ ಸ್ಟುರ್ಲುಸನ್ ಎಂಬವನು ಆ ದೇವರುಗಳ ಕಥೆ ಹೇಳುವ ಎಡ್ಡಾ ಬರೆದ. ಅವನೂ ಕ್ರೈಸ್ತನೇ. ಹಳೆಯ ಕಾವ್ಯ ಅರ್ಥವಾಗಬೇಕಾದರೆ ಹಳೆಯ ದೇವರು ಗೊತ್ತಿರಬೇಕು, ಇಲ್ಲದಿದ್ದರೆ ಕಾವ್ಯವೇ ಸತ್ತುಹೋಗುತ್ತದೆ ಅನ್ನುವುದು ಅವನ ಚಿಂತೆ. ಆ ದೇವರುಗಳ ಹಳೆಯ ಪದ್ಯಗಳ ಸಂಗ್ರಹವಾದ ಪದ್ಯದ ಎಡ್ಡಾ ಇರುವ ಮುಖ್ಯ ಹಸ್ತಪ್ರತಿ ಇನ್ನೊಂದು. ಅದನ್ನು ಒಬ್ಬ ಬಿಷಪ್ 1662ರಲ್ಲಿ ಡೆನ್ಮಾರ್ಕಿನ ದೊರೆಗೆ ಕಾಣಿಕೆಯಾಗಿ ಕಳಿಸಿದ. ಅದು ಐಸ್‌ಲ್ಯಾಂಡಿಗೆ ವಾಪಸ್ ಬಂದದ್ದು 1971ರಲ್ಲಿ, ನೌಕಾಪಡೆಯ ಹಡಗಿನಲ್ಲಿ. ಬಂದರಿನಲ್ಲಿ ಜನಜಂಗುಳಿ. ಒಂದು ಪುಸ್ತಕ ಊರಿಗೆ ಬಂತು ಅಂತ ಜನ ಬೀದಿಗೆ ಬಂದರು! ಈ ಸಂಗತಿ ಓದಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ಕಥೆ ಉಳಿಯಿತು, ಸಂಗೀತ ಉಳಿಯಲಿಲ್ಲ. ವೈಕಿಂಗ್ ಕಾಲದ ಒಂದು ರಾಗ ಕೂಡ ಬರೆದಿಟ್ಟದ್ದು ಇಲ್ಲ. ಉಸೆಬರ್ಗ್ ಹಡಗಿನ ಸಮಾಧಿಯಲ್ಲಿ 1904ರಲ್ಲಿ ಮರದ ಒಂದು ಕಹಳೆ ಸಿಕ್ಕಿತು, ಅಲ್ಲಲ್ಲಿ ಮೂಳೆಯ ಕೊಳಲು ಸಿಕ್ಕಿವೆ. ಸ್ವರ ಸಮೇತ ಸಿಗುವ ಹಳೆಯ ಹಾಡು ಡೆನ್ಮಾರ್ಕಿನ ರೂನ್ ಲಿಪಿಯ ಒಂದು ಪುಸ್ತಕದ ಕೊನೆಯಲ್ಲಿದೆ, ಅದೂ 1300ರ ಸುಮಾರಿನದು. ಅಂದರೆ ಓಡಿನ್‌ನನ್ನು ಹೇಗೆ ಹಾಡುತ್ತಿದ್ದರು ಅಂತ ಯಾರಿಗೂ ಗೊತ್ತಿಲ್ಲ. ಪೇಗನ್ ಸಂಗೀತ ಮಾಡುತ್ತೇನೆ ಅನ್ನುವವರು ಏನೇ ಮಾಡಿದರೂ ಹೊಸದಾಗಿಯೇ ಕಟ್ಟಬೇಕು. ಇಲ್ಲಿ ಎರಡು ದಾರಿ ಇದೆ. ಜಾನಪದ ವಾದ್ಯ ತಂದು ಹಳೆಯದರ ಹಾಗೆ ಕೇಳಿಸುವಂತೆ ಮಾಡುವುದು ಒಂದು. ಇನ್ನೊಂದು, ಕೈಯಲ್ಲಿರುವ ಗಿಟಾರನ್ನೇ ಹಿಡಿದು ಆ ಕಥೆಗಳ ಗಾತ್ರಕ್ಕೆ ಅದನ್ನು ಬೆಳೆಸುವುದು. ಎನ್‌ಸ್ಲೇವ್ಡ್ ಹಿಡಿದದ್ದು ಎರಡನೆಯದನ್ನು. ನನ್ನ ಮಟ್ಟಿಗೆ ಅದೇ ಹೆಚ್ಚು ಪ್ರಾಮಾಣಿಕ.

ಹೈಮ್‌ಡಾಲ್ ಹಾಡನ್ನೇ ತೆಗೆದುಕೊಳ್ಳಿ. ಡೆಮೊದಲ್ಲಿ ಇದ್ದ ಹಾಡು, ಈ ಆಲ್ಬಮ್‌ನಲ್ಲಿ ಮತ್ತೆ ಬರುತ್ತದೆ. ಆಲ್ಬಮ್‌ನ ಅತಿ ಚಿಕ್ಕ ಹಾಡು, ಆರು ನಿಮಿಷ ಚಿಲ್ಲರೆ. ಹೈಮ್‌ಡಾಲ್ ದೇವರುಗಳ ಕಾವಲುಗಾರ. ಸ್ನೊರಿ ಅವನ ಬಗ್ಗೆ ಏನು ಬರೆಯುತ್ತಾನೆ ಕೇಳಿ. ಅವನಿಗೆ ಹಕ್ಕಿಗಿಂತ ಕಡಿಮೆ ನಿದ್ದೆ ಸಾಕು. ರಾತ್ರಿ ಹಗಲು ಒಂದೇ ಸಮ, ನೂರು ಹರದಾರಿ ಕಣ್ಣು ಹಾಯುತ್ತದೆ. ನೆಲದಲ್ಲಿ ಹುಲ್ಲು ಬೆಳೆಯುವ ಸದ್ದು ಅವನಿಗೆ ಕೇಳಿಸುತ್ತದೆ. ಕುರಿಯ ಮೈಮೇಲೆ ಉಣ್ಣೆ ಬೆಳೆಯುವ ಸದ್ದು ಕೂಡ. ಕೊನೆಯ ಯುದ್ಧ ಬಂದ ದಿನ ಅವನು ಗ್ಯಾಲರ್‌ಹಾರ್ನ್ ಕಹಳೆ ಊದುತ್ತಾನೆ, ಅದು ಎಲ್ಲ ಲೋಕಕ್ಕೂ ಕೇಳಿಸುತ್ತದೆ. ಅತಿ ಸಣ್ಣ ಸದ್ದು ಕೇಳುವವನೂ ಅವನೇ, ಅತಿ ದೊಡ್ಡ ಸದ್ದು ಮಾಡುವವನೂ ಅವನೇ. ಈ ಹಾಡನ್ನು ಡೆಮೊದ ಮಸುಕಿನಲ್ಲಿ ಒಂದು ಸಲ, ಗ್ರೀಗ್‌ಹಾಲನ್‌ನ ಬಯಲಿನಲ್ಲಿ ಒಂದು ಸಲ ಕೇಳಿ.

ಈಗ ಒಂದು ಕಷ್ಟದ ವಿಷಯ. ಇದನ್ನು ಬಿಟ್ಟು ಪೇಗನ್ ಮೆಟಲ್ ಬಗ್ಗೆ ಮಾತಾಡುವುದು ಸರಿಯಲ್ಲ. ನಾರ್ವೆಯಲ್ಲಿ ವೈಕಿಂಗ್ ಚಿಹ್ನೆ ಅಂದರೆ ಅದಕ್ಕೆ ಒಂದು ಕೊಳೆ ಮೆತ್ತಿಕೊಂಡಿತ್ತು. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಜೊತೆ ಸೇರಿದ ಕ್ವಿಸ್ಲಿಂಗ್‌ನ ಪಕ್ಷ ನಾಶನಲ್ ಸಾಮ್ಲಿಂಗ್ ಈ ಹಳೆಯ ಕಾಲವನ್ನೇ ತನ್ನ ಬಾವುಟ ಮಾಡಿಕೊಂಡಿತ್ತು. ಅದರ ಪಡೆಯ ಹೆಸರು ಹಿರ್ಡ್, ಹಳೆಯ ದೊರೆಗಳ ಅಂಗರಕ್ಷಕ ಪಡೆಯ ಹೆಸರು. 1944ರಲ್ಲಿ ಹಳೆಯ ಕಾಳಗದ ಜಾಗವಾದ ಸ್ಟಿಕ್ಲೆಸ್ಟಾಡ್‌ನಲ್ಲಿ ಒಂದು ಸ್ಮಾರಕವನ್ನೂ ನಿಲ್ಲಿಸಿದರು. ಅದರ ನೆನಪು ಇನ್ನೂ ಹಸಿಯಾಗಿರುವ ದೇಶದಲ್ಲಿ, 1992ರಲ್ಲಿ ಬರ್ಗನ್ ಹತ್ತಿರದ ಫಾಂಟಾಫ್ಟ್ ಮರದ ಚರ್ಚ್ ಸುಟ್ಟು ಬೂದಿಯಾಗಿ ಬ್ಲ್ಯಾಕ್ ಮೆಟಲ್‌ನವರ ಮೇಲೆ ಅನುಮಾನ ಬಂದ ಮೇಲೆ, ಓಡಿನ್ ಅನ್ನುವ ಹುಡುಗರನ್ನು ಜನ ಯಾವ ಕಣ್ಣಿನಿಂದ ನೋಡಿರಬೇಕು ಯೋಚನೆ ಮಾಡಿ. ಪೇಗನ್ ಮೆಟಲ್ ಹೆಸರಿನಲ್ಲಿ ಜನಾಂಗದ್ವೇಷ ಹಾಡಿದ ಬ್ಯಾ‌ಂಡ್‌ಗಳು ಇದ್ದವು, ಈಗಲೂ ಇವೆ. ಅದನ್ನು ಸುಮ್ನೆ ತೇಲಿಸಿಬಿಡುವುದು ನನಗೆ ಇಷ್ಟವಿಲ್ಲ. ಈವಾರ್, ಗ್ರೂಟ್ಲೆ ಇಬ್ಬರೂ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಸ್ಪಷ್ಟವಾಗಿ ಹೇಳಿದ್ದಾರೆ, ತಮಗೂ ಆ ರಾಜಕೀಯಕ್ಕೂ ಯಾವ ಸಂಬಂಧವೂ ಇಲ್ಲ ಅಂತ. ಅವರ ಮಾತಿನ ಜೊತೆಗೆ ನಾನು ಸಂಗೀತವನ್ನೂ ಸಾಕ್ಷಿಯಾಗಿ ಇಡುತ್ತೇನೆ. ನೊರ್ವೆಗರ್ ಹಾಡನ್ನು ಗಮನದಲ್ಲಿಡಿ ಅಂದೆನಲ್ಲ, ಇದಕ್ಕೇ. ನಾಡಿನ ಹೆಸರಿನ ಹಾಡಿನಲ್ಲಿ ಶತ್ರು ಇಲ್ಲ, ಸವಾಲು ಇಲ್ಲ. 2014ರಲ್ಲಿ ನಾರ್ವೆ ಸಂವಿಧಾನಕ್ಕೆ ಇನ್ನೂರು ವರ್ಷ ತುಂಬಿದಾಗ, ವಾರ್ಡ್ರೂನಾ ಬ್ಯಾಂಡಿನ ಐನರ್ ಸೆಲ್ವಿಕ್ ಜೊತೆ ಸೇರಿ ಅದಕ್ಕಾಗಿ ಒಂದು ದೊಡ್ಡ ಕೃತಿ ಮಾಡಿಕೊಡಲು ಕರೆದದ್ದು ಇದೇ ಈವಾರ್‌ನನ್ನು.

1994ರಲ್ಲೇ ಎರಡನೇ ಆಲ್ಬಮ್ ಫ್ರಾಸ್ಟ್ ಬಂತು. ಲೇಬಲ್ ಬದಲಾಯಿತು, ಈಗ ಫ್ರಾನ್ಸಿನ ಓಸ್ಮೋಸ್. ಸ್ಟುಡಿಯೊ ಅದೇ, ಪಿಟ್ಟೆನ್ ಅವರೇ. ಒಂಬತ್ತು ಹಾಡು, ಬಹುಪಾಲು ಚಿಕ್ಕವು, ಭಾಷೆ ಈಗ ಹೆಚ್ಚಾಗಿ ನಾರ್ವೇಜಿಯನ್. ಲೋಕೆ, ಫೆನ್ರಿಸ್, ಯೋಟುನ್‌ಬ್ಲೋದ್ ಅಂತ ಹಾಡುಗಳ ಹೆಸರು. ಗಿಟಾರ್‌ಗೆ ಹಲ್ಲು ಬಂದಿದೆ. ಬಹಳ ಜನರಿಗೆ ಈ ಕಾಲದ್ದರಲ್ಲಿ ಇದೇ ಇಷ್ಟ. ನನಗೆ ಮೊದಲ ಆಲ್ಬಮ್ ಒಂದು ಕೂದಲೆಳೆ ಮೇಲೆ, ಆದರೆ ಜಗಳ ಮಾಡುವುದಿಲ್ಲ. ಫೆನ್ರಿಸ್ ತೋಳದ ಹಾಡು ಕೇಳಿ. ದೇವರುಗಳು ಆ ತೋಳವನ್ನು ಕಟ್ಟಲು ಒಂದು ಹಗ್ಗ ಹೊಸೆಸುತ್ತಾರೆ. ಬೆಕ್ಕಿನ ಹೆಜ್ಜೆ ಸದ್ದು, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಎಂಜಲು, ಈ ಆರರಿಂದ. ತೋಳಕ್ಕೆ ನಂಬಿಕೆ ಬರಲಿ ಅಂತ ಟೀರ್ ಎಂಬ ದೇವರು ಅದರ ಬಾಯಲ್ಲಿ ಕೈ ಇಡುತ್ತಾನೆ, ಕೈ ಹೋಗುತ್ತದೆ. ಆ ಕಥೆಯ ಸಿಟ್ಟು ಈ ಹಾಡಿನಲ್ಲಿದೆ.

ಇದೇ ಆಲ್ಬಮ್‌ನ ಇಗ್‌ಡ್ರಾಸಿಲ್ ಹಾಡು ಪೂರ್ತಿ ಬೇರೆ. ಬ್ಲಾಸ್ಟ್ ಬೀಟ್ ಇಲ್ಲ, ಕಿರುಚಾಟ ಇಲ್ಲ. ಅಕೌಸ್ಟಿಕ್ ಗಿಟಾರ್, ಸಾದಾ ದನಿಯ ಹಾಡುಗಾರಿಕೆ, ಪಿಟ್ಟೆನ್ ಅವರೇ ನುಡಿಸಿದ ಫ್ರೆಟ್‌ಲೆಸ್ ಬೇಸ್. ಇವುಗಳ ನಡುವೆ ಡೊಂಯ್ ಡೊಂಯ್ ಅಂತ ಒಂದು ಸದ್ದು. ಅದು ಮುನ್‌ಹಾರ್ಪೆ. ನಮ್ಮ ಕಚೇರಿಯಲ್ಲಿ ಮೃದಂಗ, ಘಟದ ಪಕ್ಕ ಕೂರುವ ಮೋರ್ಸಿಂಗ್ ಇದೆಯಲ್ಲ, ಅದರದೇ ಕುಲ. ನಾರ್ವೆಯ ಸೆಟೆಸ್ಡಾಲ್ ಕಣಿವೆಯಲ್ಲಿ ಇವತ್ತಿಗೂ ಕುಣಿತದ ಹಾಡು ಇದರಲ್ಲಿ ನುಡಿಸುತ್ತಾರೆ. ಮೋರ್ಸಿಂಗ್ ಕೇಳಿ ಬೆಳೆದ ಕಿವಿಗೆ ಈ ಹಾಡು ಬೇಗ ಒಲಿಯುತ್ತದೆ, ಮನೆಯವರ ಮುಂದೆಯೂ ಧೈರ್ಯವಾಗಿ ಹಾಕಬಹುದು.

ಫ್ರಾಸ್ಟ್ ಆದಮೇಲೆ, 1995ರಲ್ಲಿ, ಟ್ರಿಮ್ ಬ್ಯಾಂಡ್ ಬಿಟ್ಟ. ಆಮೇಲೆ ಎಂಪರರ್‌ಗೆ ಹೋದ. ಆ ಮೂವರ ಕಾಲ ಅಲ್ಲಿಗೆ ಮುಗಿಯಿತು.

ಒಬ್ಬರು ಕೇಳಿದರು, ಎಲ್ಲಿಂದ ಶುರು ಮಾಡಬೇಕು ಅಂತ. ಬ್ಲ್ಯಾಕ್ ಮೆಟಲ್ ಹೊಸದಾದರೆ ಫ್ರಾಸ್ಟ್‌ನ ಇಗ್‌ಡ್ರಾಸಿಲ್, ಆಮೇಲೆ ಫೆನ್ರಿಸ್. ಅದು ಹಿಡಿಸಿದರೆ ವೈಕಿಂಗ್ಲಿಗರ್ ವೆಲ್ದಿ, ಆದರೆ ಅದನ್ನು ಹಾಡು ಹಾಡಾಗಿ ಒಡೆದು ಕೇಳಬೇಡಿ. ಬಸ್ಸಿನಲ್ಲಿ, ಟ್ರಾಫಿಕ್‌ನಲ್ಲಿ ಬೇಡ. ಐವತ್ತು ನಿಮಿಷ ಬಿಡುವು ಮಾಡಿಕೊಂಡು ಕೂತು ಕೇಳಿ, ವಾಲ್ಯೂಮ್ ತುಂಬಾ ಜಾಸ್ತಿ ಬೇಡ, ಗದ್ದಲದ ಹಿಂದಿರುವ ಕೀಬೋರ್ಡಿನ ಎಳೆಯ ಮೇಲೆ ಕಿವಿ ಇಡಿ. ಹೊರ್ದಾನೆಸ್ ಲಾಂಡ್ ಮತ್ತು ಡೆಮೊ ಅದರ ನಂತರ. ಅಲ್ಲಿಂದ ಮುಂದೆ ಏನು ಅಂದರೆ 1997ರ ಎಲ್ದ್. ಹೊಸ ಡ್ರಮ್ಮರ್ ಬಂದಿದ್ದ, ಹೊಸ ಆಲ್ಬಮ್, ಅದರ ಮೊಟ್ಟಮೊದಲ ಹಾಡೇ 793ರಲ್ಲಿ ಲಿಂಡಿಸ್‌ಫಾರ್ನ್ ಮಠದ (ಇಂಗ್ಲೆಂಡಿನದು) ಮೇಲೆ ವೈಕಿಂಗರು ಮಾಡಿದ ದಾಳಿಯ ಬಗ್ಗೆ, ಅದಕ್ಕೆ ಅವರು ಕೊಟ್ಟ ಸಮಯ ಹದಿನಾರು ನಿಮಿಷ.